ಬ್ಯಾಂಕಿನ ಲೆಡ್ಜರ್ ಕ್ಲೌಡ್‌ಗೆ ಹೊರಟಾಗ

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

"ನಿನ್ನ ಆಫೀಸಿನ ಕೆಲಸದ ಬಗ್ಗೆಯೇ ಮಾತಾಡು, ಆದರೆ ನಮಗೆ ಅರ್ಥವಾಗುವ ಹಾಗೆ ಮಾತಾಡು" ಎಂದು ಹೇಳಿ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಮೊದಲನೆಯದು ಸುಲಭ. ಎರಡನೆಯದಕ್ಕೆ ಪ್ರಯತ್ನ ಮಾಡುತ್ತೇನೆ.

ನಾನು ಕಲ್ಯಾಣ್‌ನಲ್ಲಿ ಬೆಳೆದವಳು, ಈಗ ಡೊಂಬಿವಲಿ ಪೂರ್ವದಲ್ಲಿ ಮನೆ. ಎಂ.ಟೆಕ್ ಮುಗಿಸಿ ಹನ್ನೆರಡು ವರ್ಷಗಳಾದವು. ಅದರಲ್ಲಿ ಕೊನೆಯ ಏಳು ವರ್ಷ ಒಂದೇ ಬಗೆಯ ಕೆಲಸ: ಬ್ಯಾಂಕು, ವಿಮೆ, ಸಾಲ ಕೊಡುವ ಸಂಸ್ಥೆಗಳು ವರ್ಷಾನುಗಟ್ಟಲೆ ನಡೆಸಿಕೊಂಡು ಬಂದ ಸಾಫ್ಟ್‌ವೇರ್‌ಗಳನ್ನು ಅವರ ಸ್ವಂತ ಕಂಪ್ಯೂಟರ್‌ಗಳಿಂದ ಎತ್ತಿ ಕ್ಲೌಡ್‌ಗೆ ಸಾಗಿಸುವುದು. ಯಾವ ಸಂಸ್ಥೆ ಎಂದು ಕೇಳಬೇಡಿ, ಹೇಳುವಂತಿಲ್ಲ. ಪ್ಯಾಕರ್ಸ್ ಆಂಡ್ ಮೂವರ್ಸ್ ಕೆಲಸ ಎಂದುಕೊಳ್ಳಿ. ವ್ಯತ್ಯಾಸ ಇಷ್ಟೇ, ಮನೆಯವರು ಒಳಗೆ ಊಟ ಮಾಡುತ್ತಿರುವಾಗಲೇ ನಾವು ಮನೆ ಸಾಗಿಸಬೇಕು, ಅವರ ಸಾರು ಚೆಲ್ಲಬಾರದು.

ಕ್ಲೌಡ್ ಎಂದರೆ ಮೋಡ ಎಂದು ನಿಘಂಟು ಹೇಳುತ್ತದೆ. ನಮ್ಮ ಮಟ್ಟಿಗೆ ಕ್ಲೌಡ್ ಎಂದರೆ ಐರೋಲಿ. ಡೊಂಬಿವಲಿಯಿಂದ ಲೋಕಲ್ ಹಿಡಿದು ಥಾಣೆಯಲ್ಲಿ ಇಳಿದು, 9-10ನೇ ಪ್ಲಾಟ್‌ಫಾರ್ಮಿಗೆ ಹೋಗಿ ಟ್ರಾನ್ಸ್-ಹಾರ್ಬರ್ ಗಾಡಿ ಹತ್ತಿದರೆ ಮುಂದೆ ಐರೋಲಿ, ರಬಾಳೆ, ಘನ್ಸೋಲಿ. ಥಾಣೆ-ಬೇಲಾಪುರ ರಸ್ತೆಯ ಆಸುಪಾಸು, ಒಂದು ಕಾಲದಲ್ಲಿ ಕೆಮಿಕಲ್ ಫ್ಯಾಕ್ಟರಿಗಳೇ ತುಂಬಿದ್ದ ಆ ಕೈಗಾರಿಕಾ ಪಟ್ಟಿಯಲ್ಲಿ, ಈಗ ಕಿಟಕಿ ಇಲ್ಲದ ದೊಡ್ಡ ದೊಡ್ಡ ಕಟ್ಟಡಗಳು ಕಾಣುತ್ತವೆ. ಹೊರಗೆ ಡೀಸೆಲ್ ಜನರೇಟರ್‌ಗಳ ಸಾಲು, ಮೇಲೆ ತಂಪು ಯಂತ್ರಗಳು. ಅವೇ ಡೇಟಾ ಸೆಂಟರ್‌ಗಳು. ಸಮುದ್ರದಡಿಯ ಇಂಟರ್‌ನೆಟ್ ಕೇಬಲ್‌ಗಳು ಮುಂಬಯಿ ದಡಕ್ಕೆ ಬಂದು ಸೇರುತ್ತವೆ, ಎಷ್ಟೋ ದೊಡ್ಡ ಬ್ಯಾಂಕುಗಳ ಮುಖ್ಯ ಕಚೇರಿಗಳು ಮುಂಬಯಿಯಲ್ಲಿವೆ, ಜಾಗ ಮತ್ತು ವಿದ್ಯುತ್ ನವಿ ಮುಂಬಯಿಯಲ್ಲಿದೆ. ಹೀಗಾಗಿ ಇಲ್ಲಿ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ ತನ್ನ ಕ್ಲೌಡ್ ಕೇಂದ್ರಗಳನ್ನು ತೆರೆಯಿತು. ಅಮೆಜಾನ್ 2016ರ ಜೂನ್‌ನಲ್ಲಿ, ಗೂಗಲ್ 2017ರಲ್ಲಿ ಮುಂಬಯಿಗೆ ಬಂದವು.

ಅದಕ್ಕೆ ಮೊದಲು ಬ್ಯಾಂಕಿನವರ ಹತ್ತಿರ ಕ್ಲೌಡ್ ಎಂದರೆ "ನಮ್ಮ ಜನರ ಲೆಕ್ಕ ಸಿಂಗಾಪುರದಲ್ಲಿ ಇಡಬೇಕಾ?" ಎಂದು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಶ್ನೆಯನ್ನು ತಾನೇ ಮುಗಿಸಿಬಿಟ್ಟಿತು. ಹಣ ಪಾವತಿಯ ವಿವರಗಳೆಲ್ಲ ಭಾರತದೊಳಗೇ ಇರಬೇಕು, ಆರು ತಿಂಗಳ ಗಡುವು ಎಂದಿತು. ಆದರೆ ಒಂದು ತೊಡಕು ಉಳಿಯಿತು. ಬ್ಯಾಂಕಿಗೆ ಒಂದು ಮುಖ್ಯ ಜಾಗ ಸಾಲದು, ಆಪತ್ತಿಗೆಂದು ದೂರದ ಇನ್ನೊಂದು ಊರಿನಲ್ಲಿ ನಕಲು ಬೇಕು. ಅಮೆಜಾನ್‌ನಂಥ ಕಂಪನಿಗೆ ಭಾರತದಲ್ಲಿ ಮುಂಬಯಿ ಒಂದೇ ಇದ್ದಾಗ, ಎರಡನೆಯ ಊರು ಎಲ್ಲಿಂದ ತರುವುದು? 2022ರ ನವೆಂಬರ್‌ನಲ್ಲಿ ಅವರು ಹೈದರಾಬಾದಿನಲ್ಲಿ ತೆರೆದ ಮೇಲೆ ಎಷ್ಟೋ ಸಭೆಗಳಲ್ಲಿ ಮಾತಿನ ಧಾಟಿಯೇ ಬದಲಾಯಿತು.

ಬ್ಯಾಂಕಿನವರು ಹೊಸದಕ್ಕೆ ಹೆದರುತ್ತಾರೆ ಎಂದು ನಮ್ಮ ಐಟಿ ಹುಡುಗರು ಕ್ಯಾಂಟೀನಿನಲ್ಲಿ ನಗುವುದುಂಟು. ನಾನು ಆ ನಗುವಿನಲ್ಲಿ ಸೇರುವುದಿಲ್ಲ. ಇಲ್ಲಿ ಕುಳಿತವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಎಷ್ಟೋ ಜನರಿದ್ದೀರಿ. 1983-84ರಲ್ಲಿ ರಿಸರ್ವ್ ಬ್ಯಾಂಕಿನ ಅಂದಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರ ಸಮಿತಿ ಬ್ಯಾಂಕುಗಳಿಗೆ ಯಂತ್ರ ತರುವ ದಾರಿ ಹಾಕಿಕೊಟ್ಟಾಗ ಯೂನಿಯನ್‌ಗಳು, ಆಡಳಿತದವರು ಎಷ್ಟು ಒಪ್ಪಂದ, ಎಷ್ಟು ಜಗಳ ಮಾಡಿದರು ಎಂಬುದು ನನಗಿಂತ ನಿಮಗೆ ಗೊತ್ತು. ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದ ಹೊಸತರಲ್ಲಿ, ಯಂತ್ರದ ಲೆಕ್ಕವನ್ನು ಕೈಬರಹದ ಲೆಡ್ಜರಿನೊಂದಿಗೆ ತಾಳೆ ನೋಡಿಯೇ ಮನೆಗೆ ಹೋಗುತ್ತಿದ್ದೆವು ಎಂದು ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು ಹೇಳುತ್ತಾರೆ. ಅವರು ಆಗ ಮಾಡುತ್ತಿದ್ದುದನ್ನೇ ನಾವು ಇವತ್ತು ಪ್ಯಾರಲಲ್ ರನ್ ಎಂದು ಇಂಗ್ಲಿಷಿನಲ್ಲಿ ಕರೆದು, ಅದಕ್ಕೆ ಬೇರೆ ಬಿಲ್ ಹಾಕುತ್ತೇವೆ.

ಇನ್ನು ನಿಮ್ಮ ಸ್ವಂತ ಅನುಭವಕ್ಕೇ ಬರೋಣ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರು ಮಾಡಿದ ಉಡುಪಿಯ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಹೋಯಿತು. ಅದಕ್ಕೆ ಒಂದು ವರ್ಷ ಮೊದಲೇ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಆಗಿತ್ತು. ಬೋರ್ಡು ಬದಲಾದದ್ದು ಒಂದೇ ದಿನದಲ್ಲಿ. ಆದರೆ ವಿಜಯಾ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಕೋಡ್ ನಿಂತದ್ದು 2021ರ ಮಾರ್ಚ್ 1ಕ್ಕೆ, ಸಿಂಡಿಕೇಟಿನದು ಅದೇ ವರ್ಷದ ಜುಲೈ 1ಕ್ಕೆ. ನಡುವಿನ ಆ ಒಂದೂಕಾಲು, ಎರಡು ವರ್ಷ ಏನು ನಡೆಯುತ್ತಿತ್ತು? ಒಂದೊಂದೇ ಗುಂಪಿನ ಶಾಖೆಗಳ ಲೆಕ್ಕವನ್ನು ಒಂದು ಕಂಪ್ಯೂಟರ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ. ಪಿಂಚಣಿ, ಎಲ್‌ಐಸಿ ಕಂತು, ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್, ಊರಿನ ದೇವಸ್ಥಾನಕ್ಕೆ ಹೋಗುವ ವಂತಿಗೆ, ಎಲ್ಲದರ ದಾರಿ ತಿರುಗಿಸಬೇಕಿತ್ತು. ಅದು ಕ್ಲೌಡ್ ಸಾಗಣೆಯಲ್ಲ, ಆದರೆ ಕಷ್ಟ ಒಂದೇ ಜಾತಿಯದು.

ಆ ಕಷ್ಟ ಯಂತ್ರದ್ದಲ್ಲ. ಹಳೆಯ ಮನೆ ಖಾಲಿ ಮಾಡಿದವರಿಗೆಲ್ಲ ಗೊತ್ತು, ಹಾಲ್, ಬೆಡ್‌ರೂಮ್ ಒಂದು ದಿನದ ಕೆಲಸ, ತೊಂದರೆ ಕೊಡುವುದು ಅಟ್ಟ. ಅಟ್ಟದ ಮೇಲಿನ ಆ ತಗಡಿನ ಡಬ್ಬಿ ಯಾರದು, ಎಸೆಯಬಹುದೇ, ಅತ್ತೆಯನ್ನು ಕೇಳಬೇಕು. ದೊಡ್ಡ ಸಂಸ್ಥೆಗಳಲ್ಲೂ ಹಾಗೇ. "ನಮ್ಮಲ್ಲಿ ಎಂಬತ್ತು ಅಪ್ಲಿಕೇಶನ್ ಇವೆ" ಎಂದು ಪಟ್ಟಿ ಕೊಡುತ್ತಾರೆ. ನಾವು ನೆಟ್‌ವರ್ಕ್ ಮೇಲೆ ಕಣ್ಣಿಟ್ಟು ಯಾವುದು ಯಾವುದರ ಜೊತೆ ಮಾತಾಡುತ್ತದೆ ಎಂದು ಒಂದು ತಿಂಗಳು ನೋಡಿದರೆ ನೂರು ದಾಟುತ್ತದೆ. ಯಾರೋ ಹದಿನೈದು ವರ್ಷದ ಹಿಂದೆ ಬರೆದು, ಕೆಲಸ ಬಿಟ್ಟು ಹೋದ ಪ್ರೋಗ್ರಾಮೊಂದು ಪ್ರತಿ ತಿಂಗಳ ಕೊನೆಯ ದಿನ ಮಾತ್ರ ಎದ್ದು, ಒಂದು ಫೈಲ್ ಕಳಿಸಿ ಮತ್ತೆ ಮಲಗುತ್ತದೆ. ಅದನ್ನು ಅಟ್ಟದಲ್ಲೇ ಬಿಟ್ಟು ಬಂದರೆ ತಿಂಗಳ ಕೊನೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಸಾಲ ಕೊಡುವ ಸಂಸ್ಥೆಯೊಂದರ ಸಂಜೆಯ ಲೆಕ್ಕದ ಪ್ರೋಗ್ರಾಮಿನಲ್ಲಿ ಏಳೂವರೆಗೆ ಸರಿಯಾಗಿ ಇಪ್ಪತ್ತು ನಿಮಿಷ ಸುಮ್ಮನೆ ಕಾಯುವ ಒಂದು ಸಾಲು ಇತ್ತು. ಏಕೆ ಎಂದು ಎಲ್ಲಿಯೂ ಬರೆದಿರಲಿಲ್ಲ. ನಮ್ಮ ತಂಡದ ಹುಡುಗ "ತೆಗೆದರೆ ಇಪ್ಪತ್ತು ನಿಮಿಷ ಉಳಿಯುತ್ತದೆ" ಎಂದ. ನಿವೃತ್ತಿಗೆ ಎರಡು ವರ್ಷ ಇದ್ದ ಅಲ್ಲಿನ ಹಿರಿಯ ಅಧಿಕಾರಿಣಿಯೊಬ್ಬರು, ಮರಾಠಿಯವರು, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: ಒಂದು ಕಾಲದಲ್ಲಿ ಕೊಂಕಣದ ಕೆಲವು ಶಾಖೆಗಳಿಂದ ಫೋನ್ ಲೈನ್ ಮೇಲೆ ಲೆಕ್ಕ ಬರುತ್ತಿತ್ತು, ಮಳೆಗಾಲದಲ್ಲಿ ತಡವಾಗುತ್ತಿತ್ತು, ಅದಕ್ಕೆ ಕಾಯುವುದು. ಈಗ ಆ ಫೋನ್ ಲೈನ್ ಇಲ್ಲ, ಅದರ ಮಟ್ಟಿಗೆ ತೆಗೆಯಬಹುದು. ಆದರೆ ಆ ಇಪ್ಪತ್ತು ನಿಮಿಷದಲ್ಲೇ ಇನ್ನೊಂದು ವಿಭಾಗದವರು ತಪ್ಪಾದ ರಸೀದಿ ರದ್ದು ಮಾಡುವ ಅಭ್ಯಾಸ ಇಟ್ಟುಕೊಂಡಿದ್ದಾರೆ, ಮೊದಲು ಅವರನ್ನು ಕೇಳಿ. ಯಾವ ಸಾಫ್ಟ್‌ವೇರ್ ಸಾಧನವೂ ಇದನ್ನು ನನಗೆ ಹೇಳುತ್ತಿರಲಿಲ್ಲ.

ಈ ಅಧಿಕಾರಿಣಿಯ ಬಗ್ಗೆ ಇನ್ನೂ ಹೇಳುವುದಿದೆ. ಅದಕ್ಕೆ ಮೊದಲು ಸಾಗಿಸುವ ಬಗೆಗಳ ಬಗ್ಗೆ ಎರಡು ಮಾತು. ಡೊಂಬಿವಲಿ, ಥಾಣೆಯವರಿಗೆ ರೀಡೆವಲಪ್‌ಮೆಂಟ್ ಎಂದರೆ ವಿವರಿಸಬೇಕಿಲ್ಲ. ಹಳೆಯ ಸಾಮಾನನ್ನು ಇದ್ದ ಹಾಗೇ ಹೊಸ ಬಾಡಿಗೆ ಮನೆಗೆ ತಂದಿಡುವುದು ಒಂದು ಬಗೆ. ಬೇಗ ಆಗುತ್ತದೆ, ಆದರೆ ಹಳೆಯ ಗೋದ್ರೇಜ್ ಕಪಾಟು ಹೊಸ ಬಾಗಿಲಲ್ಲಿ ತೂರುವುದಿಲ್ಲ. ಕಟ್ಟಡವನ್ನೇ ಕೆಡವಿ ಹೊಸದಾಗಿ ಕಟ್ಟುವುದು ಇನ್ನೊಂದು. ಚೆನ್ನಾಗಿರುತ್ತದೆ, ಆದರೆ ಬಿಲ್ಡರ್ ಹೇಳಿದ ಮೂರು ವರ್ಷ ಎಂದೂ ಮೂರು ವರ್ಷವಲ್ಲ. ಕೆಲವನ್ನು ಮುಟ್ಟದೆ ಬಿಡುವುದೂ ಒಂದು ನಿರ್ಧಾರವೇ. ಬ್ಯಾಂಕುಗಳು ಸಾಮಾನ್ಯವಾಗಿ ಸಿಬ್ಬಂದಿಯ ರಜೆ, ಇಮೇಲ್, ಗ್ರಾಹಕರ ದೂರು ಮುಂತಾದವನ್ನು ಮೊದಲು ಕಳಿಸಿ, ಮುಖ್ಯ ಲೆಡ್ಜರನ್ನು ಕೊನೆಗೆ ಮುಟ್ಟುತ್ತವೆ, ಅಥವಾ ಮುಟ್ಟುವುದೇ ಇಲ್ಲ. ಖರ್ಚಿನ ಬಗ್ಗೆ ಒಂದೇ ಮಾತು: ಕ್ಲೌಡ್ ಅಗ್ಗ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಅದು ಮೀಟರ್. ಗೀಸರ್ ಆರಿಸದೆ ಊರಿಗೆ ಹೋದರೆ ಬಿಲ್ ಬರುವ ಹಾಗೆ, ಪರೀಕ್ಷೆಗೆಂದು ಹಚ್ಚಿದ ಸರ್ವರ್ ಶನಿವಾರ-ಭಾನುವಾರ ಓಡುತ್ತಲೇ ಇರುತ್ತದೆ.

ಈಗ ಆ ರಾತ್ರಿಯ ಸಂಗತಿ. ಎಂಟು ತಿಂಗಳ ತಯಾರಿಯ ನಂತರ ಅದೇ ಸಂಸ್ಥೆಯ ಸಾಲದ ಲೆಕ್ಕ ಸಾಗಿಸುವ ಶನಿವಾರ. ರಾತ್ರಿ ಹತ್ತಕ್ಕೆ ಹಳೆಯದನ್ನು ನಿಲ್ಲಿಸಿದೆವು. ಎರಡೂವರೆಗೆ ಎಲ್ಲ ಖಾತೆಗಳೂ ಹೊಸ ಜಾಗದಲ್ಲಿ ಬಂದು ಕುಳಿತಿದ್ದವು. ಸಂಖ್ಯೆ ಸರಿ, ಅಸಲು ಸರಿ. ಆ ದಿನದ ಬಡ್ಡಿಯನ್ನು ಹಳೆಯದರಲ್ಲೂ ಹೊಸದರಲ್ಲೂ ಲೆಕ್ಕ ಹಾಕಿ ತಾಳೆ ನೋಡಿದಾಗ ಒಟ್ಟು ಮೊತ್ತದಲ್ಲಿ ನಾಲ್ಕು ಸಾವಿರ ರೂಪಾಯಿ ಚಿಲ್ಲರೆ ವ್ಯತ್ಯಾಸ. ಒಟ್ಟು ಮೊತ್ತವೋ ಕೋಟಿಗಳಲ್ಲಿ. "ಪೈಸೆ ರೌಂಡ್ ಆಗುವುದರಲ್ಲಿ ಬಂದಿರಬೇಕು, ಮುಂದೆ ಹೋಗೋಣ, ಸೋಮವಾರ ನೋಡೋಣ" ಎಂದರು ಪ್ರಾಜೆಕ್ಟ್ ಮುಖ್ಯಸ್ಥರು. ಎಲ್ಲರಿಗೂ ನಿದ್ದೆ, ಎಲ್ಲರಿಗೂ ಮುಗಿಸುವ ಆತುರ.

ಆ ಅಧಿಕಾರಿಣಿ ಒಪ್ಪಲಿಲ್ಲ. ನಾಲ್ಕು ಸಾವಿರ ಕಡಿಮೆ ಅಂದರೆ ತಪ್ಪು ನಾಲ್ಕು ಸಾವಿರದ್ದು ಎಂದು ಯಾರು ಹೇಳಿದರು, ಒಂದು ಕಡೆ ಲಕ್ಷ ಹೆಚ್ಚಾಗಿ ಇನ್ನೊಂದು ಕಡೆ ಲಕ್ಷ ಕಡಿಮೆಯಾಗಿದ್ದರೂ ಕೆಳಗೆ ನಾಲ್ಕು ಸಾವಿರವೇ ಕಾಣುತ್ತದೆ, ಖಾತೆ ಖಾತೆಯಾಗಿ ತಾಳೆ ಹಾಕಿ, ಎಂದರು. ನಾನು ಅವರ ಪಕ್ಷ ಹಿಡಿದೆ, ಆ ಪಟ್ಟಿ ತೆಗೆಯುವ ಕ್ವೆರಿಯನ್ನು ಅಲ್ಲೇ ಕುಳಿತು ಬರೆದೆ. ಮುಕ್ಕಾಲು ಗಂಟೆಯಲ್ಲಿ ಚಿತ್ರ ಸ್ಪಷ್ಟವಾಯಿತು. ರಿಯಾಯಿತಿ ದರದ ಸಿಬ್ಬಂದಿ ಸಾಲಗಳಿಗೆ ಹೊಸ ವ್ಯವಸ್ಥೆ ಸಾಮಾನ್ಯ ದರದಲ್ಲಿ ಬಡ್ಡಿ ಹಾಕಿತ್ತು. ಒಂದು ಬಗೆಯ ಚಿನ್ನದ ಸಾಲಕ್ಕೆ ಕಡಿಮೆ ದರ ಹಾಕಿತ್ತು. ಎರಡೂ ಒಂದಕ್ಕೊಂದು ಹೊಡೆದುಹೋಗಿ ಕೆಳಗೆ ಅಲ್ಪ ಮೊತ್ತ ಉಳಿದಿತ್ತು. ತಾಲೀಮಿನಲ್ಲಿ ಇದು ಏಕೆ ಸಿಕ್ಕಲಿಲ್ಲ? ತಾಲೀಮಿಗೆ ಕೊಟ್ಟದ್ದು ಗ್ರಾಹಕರ ಗುರುತು ಮರೆಮಾಚಿದ ನಕಲು ಡೇಟಾ. ಹಾಗೆ ಮರೆಮಾಚುವಾಗ ಸಾಲದ ಬಗೆ ತಿಳಿಸುವ ಕೋಡುಗಳೂ ಸಮತಟ್ಟಾಗಿ ಹೋಗಿದ್ದವು. ಬೆಳಗಿನ ನಾಲ್ಕೂಕಾಲಕ್ಕೆ ಎಲ್ಲವನ್ನೂ ಹಿಂದಕ್ಕೆ ತಂದು ಹಳೆಯದನ್ನೇ ಮತ್ತೆ ಹಚ್ಚಿದೆವು. ಭಾನುವಾರ ಬೆಳಿಗ್ಗೆ ಗ್ರಾಹಕರಿಗೆ ಏನೂ ಗೊತ್ತಾಗಲಿಲ್ಲ. ಸೋಮವಾರ ನಮಗೆ ಮಾತ್ರ ಸಾಕಷ್ಟು ಗೊತ್ತಾಯಿತು, ಹೊಗಳಿಕೆಯೇನೂ ಇರಲಿಲ್ಲ. ಐದು ವಾರದ ನಂತರ ಎರಡನೆಯ ಸಲ ಸಾಗಿಸಿದೆವು, ಆಗ ವ್ಯತ್ಯಾಸ ಸೊನ್ನೆ.

ಹಿಂದಕ್ಕೆ ಬರುವ ಧೈರ್ಯ ಎಷ್ಟು ಬೆಲೆಯದು ಎಂಬುದಕ್ಕೆ ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕಿನ ಕತೆ ಇದೆ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ತನ್ನ 52 ಲಕ್ಷ ಗ್ರಾಹಕರ ಲೆಕ್ಕವನ್ನು ಒಂದೇ ಏಟಿಗೆ ಹೊಸ ವ್ಯವಸ್ಥೆಗೆ ಸಾಗಿಸಿತು. ಲೆಕ್ಕಗಳು ಸರಿಯಾಗಿಯೇ ಹೋದವು, ಆದರೆ ಹೋಗಿ ಸೇರಿದ ವ್ಯವಸ್ಥೆ ಭಾರ ತಡೆಯಲಿಲ್ಲ. 19 ಲಕ್ಷದವರೆಗೆ ಜನ ತಮ್ಮ ಖಾತೆಯ ಹೊರಗೇ ನಿಂತರು. ಎಲ್ಲ ಸರಿಹೋಗಲು ಅದೇ ವರ್ಷದ ಡಿಸೆಂಬರ್ ಆಯಿತು. 2022ರಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ಬಿತ್ತು. ಮರುವರ್ಷ, ಆಗ ತಂತ್ರಜ್ಞಾನದ ಹೊಣೆ ಹೊತ್ತಿದ್ದ ಮಾಜಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ. ಹೊರಗಿನವರಿಗೆ ಕೆಲಸ ಒಪ್ಪಿಸಿದ ಮೇಲೆ ಅವರು ಸಿದ್ಧರಿದ್ದಾರೆಯೇ ಎಂದು ಸರಿಯಾಗಿ ವಿಚಾರಿಸಲಿಲ್ಲ ಎಂಬುದು ಆಪಾದನೆ. ನಮ್ಮ ರಿಸರ್ವ್ ಬ್ಯಾಂಕಿನ 2023ರ ನಿರ್ದೇಶನದ ತಿರುಳೂ ಇದೇ. ಐಟಿ ಕೆಲಸವನ್ನು ಯಾರಿಗೆ ಬೇಕಾದರೂ ಹೊರಗುತ್ತಿಗೆ ಕೊಡಿ, ಹೊಣೆಯನ್ನು ಕೊಡಲಾಗದು. ಬಿಟ್ಟು ಹೊರಬರುವ ದಾರಿಯನ್ನೂ ಮೊದಲೇ ಬರೆದಿಡಬೇಕು.

ಇಲ್ಲಿ ನಮ್ಮ ವಿಭಾಗದ ವಿಷಯಕ್ಕೆ ಬರುತ್ತೇನೆ. ಇಂಥ ಸಾಗಣೆಯೆಲ್ಲ ಶನಿವಾರ ರಾತ್ರಿಯೇ. ಬ್ಯಾಂಕಿನ ಕೆಲಸ ಕಡಿಮೆ ಇರುವ ಹೊತ್ತು ಅದೇ. ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ, ಬೇರೊಂದು ಪ್ರಾಜೆಕ್ಟಿನಲ್ಲಿ, ರಾತ್ರಿ ಯಾರು ಯಾರು ಇರಬೇಕು ಎಂಬ ಪಟ್ಟಿ ಬಂತು. ಇಪ್ಪತ್ತೆರಡು ಹೆಸರು, ಒಂದೂ ಹೆಂಗಸಿನದಲ್ಲ. ತಂಡದಲ್ಲಿ ನಾವು ಒಂಬತ್ತು ಮಂದಿ ಇದ್ದೆವು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, "ನಿಮಗೆ ತೊಂದರೆ ಬೇಡ ಎಂದು" ಎಂದರು. ಆದರೆ ನಮ್ಮನ್ನು ಕೇಳಿರಲಿಲ್ಲ. ಎಂಟು ತಿಂಗಳು ತಾಳೆ ಪಟ್ಟಿ ಮಾಡಿದವರು ನಾವು, ಸೋಮವಾರ ಬೆಳಿಗ್ಗೆ ಬಂದು ಉಳಿದ ತೊಂದರೆ ಸರಿಮಾಡಿದವರೂ ನಾವು. ವರ್ಷದ ಕೊನೆಗೆ ಬಡ್ತಿಯ ಪಟ್ಟಿಯಲ್ಲಿ ಮಾತ್ರ ಆ ರಾತ್ರಿ ಇದ್ದವರ ಹೆಸರು ಮುಂದೆ. "ಅವನು ಆ ರಾತ್ರಿ ನಿಭಾಯಿಸಿದ" ಎಂಬ ಒಂದು ಮಾತಿಗೆ ಎಂಟು ತಿಂಗಳ ಹಗಲಿಗಿಂತ ತೂಕ ಹೆಚ್ಚು.

ಕಾನೂನು ಏನು ಹೇಳುತ್ತದೆ ಎಂದು ಓದಿಕೊಂಡೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ಮಹಿಳೆಯರ ಸಾಮಾನ್ಯ ಹೊತ್ತು ಬೆಳಿಗ್ಗೆ 7ರಿಂದ ರಾತ್ರಿ 9.30. ಅದರಾಚೆ ದುಡಿಯಲು ಅವಳ ಒಪ್ಪಿಗೆ ಬೇಕು, ಸುರಕ್ಷತೆ, ಮನೆಗೆ ತಲುಪಿಸುವ ವ್ಯವಸ್ಥೆ ಬೇಕು. ಗಮನಿಸಿ, ಒಪ್ಪಿಗೆ ಬೇಕು ಎಂದಿದೆ. ಒಪ್ಪಿಗೆ ಕೇಳದೆ ಬೇಡ ಎನ್ನುವುದಕ್ಕೆ ಅಲ್ಲಿ ಆಧಾರವಿಲ್ಲ. ಮುಂದಿನ ಸಲ ನಾವು ಒಂಬತ್ತೂ ಮಂದಿ ಸೇರಿ ಒಂದು ಪತ್ರ ಬರೆದೆವು. ಮೊದಲು ಕೇಳಿ, ಬರುವವರಿಗೆ ಐರೋಲಿಯಿಂದ ಡೊಂಬಿವಲಿ, ಕಲ್ಯಾಣ್ ಕಡೆಗೆ ಕಾರು ಕೊಡಿ, ಅದರಲ್ಲಿ ಇಬ್ಬರಾದರೂ ಇರಲಿ, ವಿಶ್ರಾಂತಿಗೆ ಒಂದು ಕೋಣೆ, ಬೀಗ ಸರಿ ಇರುವ ಶೌಚಾಲಯ. ಕೊನೆಯದಕ್ಕೆ ಕೆಲವರು ನಕ್ಕರು, ಆದರೆ ರಿಪೇರಿ ಮಾಡಿಸಿದರು. ಐವರು ಬಂದೆವು, ನಾಲ್ವರು ತಮ್ಮ ತಮ್ಮ ಕಾರಣಕ್ಕೆ ಬೇಡ ಎಂದರು. ಒಬ್ಬಳ ಮಗುವಿಗೆ ಏಳು ತಿಂಗಳು. ಅವಳ ಹಗಲಿನ ಕೆಲಸವೂ ದಾಖಲೆಯಲ್ಲಿ ಬರಬೇಕು ಎಂದು ತಾಳೆ ಪಟ್ಟಿಯ ಮೇಲೆ ಮಾಡಿದವರ ಹೆಸರು ಬರೆಯುವ ಪದ್ಧತಿ ಶುರು ಮಾಡಿದೆವು. ಆ ಪದ್ಧತಿ ಈಗಲೂ ನಡೆಯುತ್ತಿದೆ. ಬೆಳಗಿನ ಐದಕ್ಕೆ ಮಹಾಪೆ-ಶೀಳ್ ಫಾಟಾ ರಸ್ತೆ ಖಾಲಿ ಇರುವುದನ್ನು ಜೀವನದಲ್ಲಿ ಮೊದಲ ಸಲ ನೋಡಿದ್ದೂ ಆಗಲೇ, ನೀವು ನಂಬಲಿಕ್ಕಿಲ್ಲ.

ಕರೆಂಟಿನ ವಿಷಯವೂ ಹೇಳಬೇಕು. 2020ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿ ಮುಂಬಯಿ ಎಲ್ಲ ಕತ್ತಲಾದದ್ದು ನೆನಪಿರಬಹುದು. ಪಡಘಾ ಮತ್ತು ಕಳವಾ ನಡುವಿನ 400 ಕಿಲೋವೋಲ್ಟ್ ಲೈನ್‌ಗಳಲ್ಲಿ ತೊಂದರೆ ಶುರುವಾಯಿತು, ನಮ್ಮ ಮನೆಯ ಹಿತ್ತಿಲಲ್ಲೇ ಎನ್ನಬೇಕು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಜನರೇಟರ್ ಇಟ್ಟುಕೊಂಡ ಡೇಟಾ ಸೆಂಟರ್‌ಗಳಿಗೆ ಇಂಥ ದಿನಕ್ಕೆಂದೇ ಡೀಸೆಲ್ ಇರುತ್ತದೆ. ನಮ್ಮ ಸರ್ವರ್‌ಗಳು ಓಡುತ್ತಲೇ ಇದ್ದವು. ಆದರೆ ಅದು ಕೊರೋನಾ ಕಾಲ, ಅವನ್ನು ನೋಡಿಕೊಳ್ಳುವ ನಾವೆಲ್ಲ ಡೊಂಬಿವಲಿ, ಕಲ್ಯಾಣ್, ಥಾಣೆಯ ಊಟದ ಮೇಜಿನ ಮುಂದೆ ಕುಳಿತಿದ್ದೆವು. ವೈಫೈ ಹೋಯಿತು, ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಯಂತ್ರಗಳನ್ನು ಎರಡು ಊರಿನಲ್ಲಿ ಇಟ್ಟಿದ್ದರು, ಅದನ್ನು ಬಲ್ಲ ಮನುಷ್ಯರೆಲ್ಲ ಒಂದೇ ರೈಲ್ವೆ ಲೈನಿನ ಮೇಲೆ. ಆಮೇಲೆ ಬೆಂಗಳೂರಿನಿಂದ ಇಬ್ಬರನ್ನು ಪಾಳಿಗೆ ಸೇರಿಸಿಕೊಂಡರು. ಅದೇ ನವೆಂಬರ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ಡೇಟಾ ಸೆಂಟರಿನಲ್ಲಿ ವಿದ್ಯುತ್ ಕೈಕೊಟ್ಟು ಸೇವೆ ನಿಂತಿತು. ಆ ಬ್ಯಾಂಕಿನಲ್ಲಿ ಮೊದಲೂ ಹೀಗಾಗಿದ್ದ ಕಾರಣ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಹೊಸ ಡಿಜಿಟಲ್ ಯೋಜನೆ, ಹೊಸ ಕ್ರೆಡಿಟ್ ಕಾರ್ಡ್ ಎರಡನ್ನೂ ತಡೆಯಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 2022ರ ಮಾರ್ಚ್‌ನಲ್ಲಿ. ಸ್ವಂತ ಕಟ್ಟಡದಲ್ಲಿಟ್ಟರೆ ಭದ್ರ ಎನ್ನುವವರಿಗೆ ಆಗ ಸ್ವಲ್ಪ ಇಕ್ಕಟ್ಟಾಯಿತು.

ಹಾಗೆಂದು ಕ್ಲೌಡ್ ಭದ್ರ ಎಂದೂ ಅಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿ, ಆರು ಲಕ್ಷಕ್ಕೂ ಹೆಚ್ಚು ಸದಸ್ಯರದ್ದು, ಗೂಗಲ್ ಕ್ಲೌಡಿನಲ್ಲಿಟ್ಟಿದ್ದ ತನ್ನ ವ್ಯವಸ್ಥೆಯನ್ನೇ ಕಳೆದುಕೊಂಡಿತು. ಗೂಗಲ್ ಕಡೆಯ ಒಂದು ತಪ್ಪು ಹೊಂದಾಣಿಕೆಯಿಂದ ಅವರ ಖಾಸಗಿ ಕ್ಲೌಡ್ ಪೂರ್ತಿ ಅಳಿಸಿಹೋಯಿತು, ಎರಡು ಬೇರೆ ಜಾಗಗಳಲ್ಲಿದ್ದ ನಕಲು ಸಹಿತ. ಒಂದು ವಾರಕ್ಕೂ ಹೆಚ್ಚು ಕಾಲ ಸದಸ್ಯರಿಗೆ ತಮ್ಮ ಖಾತೆ ಕಾಣಲಿಲ್ಲ. ಉಳಿಸಿದ್ದು ಏನು? ಬೇರೆಯೇ ಕಂಪನಿಯೊಂದರ ಹತ್ತಿರ ಇಟ್ಟಿದ್ದ ಇನ್ನೊಂದು ಬ್ಯಾಕಪ್. ಬಂಗಾರವನ್ನೆಲ್ಲ ಒಂದೇ ಲಾಕರಿನಲ್ಲಿ ಇಡದ ನಮ್ಮ ಅಜ್ಜಿಯಂದಿರ ಬುದ್ಧಿಯನ್ನು ಅಲ್ಲಿ ಯಾರೋ ಉಪಯೋಗಿಸಿದ್ದರು.

ಕೊನೆಗೆ, ಇಲ್ಲಿಗೆ ಬರುವ ಮೊದಲೇ ಒಬ್ಬರು ಫೋನ್ ಮಾಡಿ ಕೇಳಿದ ಪ್ರಶ್ನೆ: "ದೊಡ್ಡ ಬ್ಯಾಂಕಿನ ಕತೆ ಆಯಿತು, ನಮ್ಮದು ಸಹಕಾರಿ ಬ್ಯಾಂಕಿನಲ್ಲಿದೆ, ಅದಕ್ಕೇನು?" ಡೊಂಬಿವಲಿ, ಕಲ್ಯಾಣ್, ಥಾಣೆ ಮೂರೂ ಊರಿನ ಹೆಸರಿನ ಸಹಕಾರಿ ಬ್ಯಾಂಕುಗಳಿವೆ, ಮುಂಬಯಿಯಲ್ಲಿ ನಮ್ಮ ತುಳು-ಕನ್ನಡಿಗರು ಕಟ್ಟಿದವೂ ಇವೆ. ಸಣ್ಣ ಬ್ಯಾಂಕಿಗೆ ಸ್ವಂತ ಡೇಟಾ ಸೆಂಟರ್ ಕಟ್ಟುವ ಶಕ್ತಿ ಇರುವುದಿಲ್ಲ. ಎಷ್ಟೋ ಬ್ಯಾಂಕುಗಳು ಸೇರಿ ಒಂದೇ ಕಂಪನಿಯ ವ್ಯವಸ್ಥೆಯನ್ನು ಬಳಸುತ್ತವೆ. ಅದರಿಂದ ಅವಕ್ಕೂ ಯುಪಿಐ, ಮೊಬೈಲ್ ಆಪ್ ಸಿಕ್ಕಿತು, ಅದು ಒಳ್ಳೆಯದೇ. ಆದರೆ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಅಂಥ ಒಂದು ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಸೋಂಕು ಹರಡದಿರಲೆಂದು ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಬೇಕಾಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ತೊಂದರೆಯಾಯಿತು. ಆಗಸ್ಟ್ 1ರ ಹೊತ್ತಿಗೆ ಸಂಪರ್ಕ ಮರಳಿತು.

ಇದರಲ್ಲಿ ನೀವು ಮಾಡಬಹುದಾದದ್ದು ಒಂದಿದೆ. ದೊಡ್ಡ ಬ್ಯಾಂಕಿನಲ್ಲಿ ನೀವು ಬರೀ ಗ್ರಾಹಕರು. ಸಹಕಾರಿ ಬ್ಯಾಂಕಿನಲ್ಲಿ ಶೇರು ಇದ್ದರೆ ನೀವು ಸದಸ್ಯರು, ವಾರ್ಷಿಕ ಮಹಾಸಭೆಯ ಆಹ್ವಾನ ಪತ್ರ ಮನೆಗೆ ಬರುತ್ತದೆ. ಸಾಮಾನ್ಯವಾಗಿ ನಾವು ಅದನ್ನು ಡಿವಿಡೆಂಡ್ ಎಷ್ಟು ಎಂದು ನೋಡಿ ಬದಿಗಿಡುತ್ತೇವೆ, ಹೆಚ್ಚೆಂದರೆ ಗಂಡಸರು ಹೋಗಿ ವಡಾ ತಿಂದು ಬರುತ್ತಾರೆ. ಈ ಸಲ ನೀವು ಹೋಗಿ. ತಾಂತ್ರಿಕ ಭಾಷೆ ಬೇಕಿಲ್ಲ. ನಮ್ಮ ಲೆಕ್ಕದ ನಕಲು ಎಲ್ಲಿದೆ, ಅದು ಬೇರೆ ಊರಿನಲ್ಲಿದೆಯೇ, ಬೇರೆ ಕಂಪನಿಯ ಹತ್ತಿರ ಇದೆಯೇ ಎಂದು ಕೇಳಿ. ಆ ನಕಲಿನಿಂದ ಬ್ಯಾಂಕನ್ನು ಮತ್ತೆ ನಿಲ್ಲಿಸುವ ತಾಲೀಮು ಕೊನೆಯ ಸಲ ಯಾವಾಗ ಮಾಡಿದಿರಿ, ಎಷ್ಟು ಗಂಟೆ ಹಿಡಿಯಿತು ಎಂದೂ ಕೇಳಿ. "ಬ್ಯಾಕಪ್ ಇದೆ" ಎಂಬುದು ಈ ಎರಡನೆಯ ಪ್ರಶ್ನೆಗೆ ಉತ್ತರವಲ್ಲ, ಅಲ್ಲಿಗೇ ಕುಳಿತುಕೊಳ್ಳಬೇಡಿ. ಇನ್ನೊಂದು, ನಿಮ್ಮ ಬ್ಯಾಂಕಿನಿಂದ "ಈ ಭಾನುವಾರ ವ್ಯವಸ್ಥೆ ನವೀಕರಣ" ಎಂಬ ಸಂದೇಶ ಬಂದರೆ ಹೆದರಬೇಡಿ, ಹಿಂದಿನ ದಿನದ ಖಾತೆಯ ಪುಟವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಪಾಸ್‌ಬುಕ್ ಇದ್ದರೆ ಮುದ್ರಿಸಿಕೊಳ್ಳಿ. ಮಂಗಳವಾರ ಒಮ್ಮೆ ತಾಳೆ ನೋಡಿ.

ಸಹಕಾರಿ ಸಂಘಗಳ ಮಹಾಸಭೆಗಳೆಲ್ಲ ಸೆಪ್ಟೆಂಬರ್ ಕೊನೆಯೊಳಗೆ ಆಗಬೇಕು. ಅಂದರೆ ಗಣಪತಿ ಹಬ್ಬದ ಗಡಿಬಿಡಿಯ ನಡುವೆಯೇ ಆಹ್ವಾನ ಬರುತ್ತದೆ. ಪ್ರಶ್ನೆಯನ್ನು ಮೊದಲೇ ಬರೆದು ಕಳಿಸಿದರೆ ಉತ್ತರ ಕೊಡಲು ಅವರಿಗೂ ಅನುಕೂಲ. ಬರೆಯಲು ಸಹಾಯ ಬೇಕಿದ್ದರೆ ಕಾರ್ಯಕ್ರಮದ ನಂತರ ನಾನು ಚಹಾದ ಮೇಜಿನ ಹತ್ತಿರ ಇರುತ್ತೇನೆ. ಅವರು ಕೊಟ್ಟ ಉತ್ತರವನ್ನು ದಯವಿಟ್ಟು ನನಗೂ ತಿಳಿಸಿ.